ಅಡಿಟಿಪ್ಪಣಿ ಹದಿನಾಲ್ಕು

ಆಂದೋಂಗಿನ ಸಂಜೆ ಕಾಲೇಜು, ಎರಡನೆಯ ಮಹಡಿ.
ಹೀಟರಿನ ಪಕ್ಕದ ಕುರ್ಚಿ ಹುಡುಗರು ನನಗೇ ಬಿಡುತ್ತಾರೆ,
ಅರವತ್ತೊಂದರ ಮೊಣಕಾಲಿಗೆ ಅಷ್ಟು ಮರ್ಯಾದೆ.
ಪ್ರೊಫೆಸರ್ ತಕ್, ನನ್ನ ಕಿರಿಮಗನ ವಯಸ್ಸು,
ಬೋರ್ಡಿನ ಮೇಲೆ ಬರೆದರು: ಕನ್ಫ್ಯೂಷಿಯನ್ ಚಿಂತನೆ,
ಹನ್ನೆರಡು ಪುಟ, ಪ್ರತಿ ಮಾತಿಗೂ ಆಧಾರ.

ಪಕ್ಕದ ಹುಡುಗ 'ಆಚರಣೆ' ತೆಗೆದುಕೊಂಡ.
ಆಂಟಿ, ಇದು ನಿಮಗೆ ಸಲೀಸಿತ್ತಲ್ಲ, ಎಂದ.
ಸಲೀಸು ಹೌದಪ್ಪ. ವರ್ಷಕ್ಕೆ ಹನ್ನೊಂದು ತಿಥಿ,
ಮೂವತ್ತಾರು ವರ್ಷ, ನೀನೇ ಗುಣಿಸಿಕೋ.
ಕೆಂಪು ಹಣ್ಣು ಮೂಡಲಿಗೆ, ಬಿಳಿಯದು ಪಡುವಲಿಗೆ,
ಮೀನಿನ ತಲೆ ಎತ್ತ ಬಾಲ ಎತ್ತ
ಕಣ್ಣು ಮುಚ್ಚಿ ಜೋಡಿಸಬಲ್ಲೆ.
ಗಂಡಸರು ನೆಲಕ್ಕೆ ಹಣೆ ಮುಟ್ಟಿಸುವಾಗೆಲ್ಲ
ಸಾರು ಉಕ್ಕದಂತೆ ಒಲೆ ಕಾದವಳು.
ಅದಕ್ಕೇ ಅದು ಬೇಡವೆನಿಸಿತು.

ನಾನು ಆರಿಸಿದ್ದು ಹೆಸರು ತಿದ್ದುವ ವಿಚಾರ.
ಹೆಸರಿಗೂ ಹೊತ್ತವರಿಗೂ ತಾಳೆಯಾಗಬೇಕು,
ಆಗದಿದ್ದರೆ ಮನೆಯಿಂದ ಅರಮನೆಯವರೆಗೆ ಎಲ್ಲ ಓರೆ.

ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ.
'ವಿದ್ಯಾರ್ಥಿಯ ಹೆಸರು' ಎಂಬಲ್ಲಿ
ಪರದೆಯ ಮೇಲೊಂದು ಗೆರೆ ಮಿಣುಕುತ್ತದೆ, ಕಾಯುತ್ತದೆ.
ಯೊಮ್ ಮಲ್ಸುನ್.
ಮಲ್ ಎಂದರೆ ಕೊನೆ, ಸುನ್ ಎಂದರೆ ಸಾಧು.
ನಾಲ್ಕನೆಯದೂ ಹೆಣ್ಣೆಂದು ತಿಳಿದ ಬೆಳಗ್ಗೆ ತಾತ
ಗದ್ದೆಯಿಂದ ಬಂದು, ಕಾಲೂ ತೊಳೆಯದೆ,
ಇನ್ನು ಸಾಕು ಎನ್ನಲು ಇಟ್ಟ ಹೆಸರು.
ನನ್ನ ಬೆನ್ನಿಗೇ ಇಬ್ಬರು ತಂಗಿಯರು ಬಂದರು.
ಅಲ್ಲಿಗೆ ಕೊನೆ ಸುಳ್ಳಾಯಿತು.
ಸಾಧುವೋ? ನನ್ನ ಗಂಡನನ್ನು ಕೇಳಿ.
ತಿದ್ದಬೇಕಾದ್ದು ಯಾವುದು, ಹೆಸರೋ ನಾನೋ?
ಎರಡನೆಯ ಅಧ್ಯಾಯ ಪೂರ್ತಿ ಇದೇ,
ಸ್ವಲ್ಪ ಇಸ್ತ್ರಿ ಮಾಡಿದ ಭಾಷೆಯಲ್ಲಿ.

ಮೂರನೆಯದಕ್ಕೆ ವಂಶಾವಳಿ ಬೇಕಾಯಿತು.
ಬೀರುವಿನ ತಲೆಯಿಂದ ಇಳಿಸಿದೆ, ಏಳು ಸಂಪುಟ, ನುಸಿಗುಳಿಗೆ ವಾಸನೆ.
ಇಪ್ಪತ್ತಾರು ತಲೆಮಾರಿನ ಗಂಡಸರು:
ಹೆಸರು, ಇನ್ನೊಂದು ಹೆಸರು, ಪರೀಕ್ಷೆ ಗೆದ್ದ ವರ್ಷ,
ಗೋರಿ ಯಾವ ಗುಡ್ಡದ ಯಾವ ಮಗ್ಗುಲಿಗೆ.
ಹೆಂಗಸರು ಪಕ್ಕದಲ್ಲಿ, ಬರಿಯ ತವರಾಗಿ:
ಕ್ವೊನ್ ಕುಲ, ರ್ಯು ಕುಲ, ಮತ್ತೆ ಕ್ವೊನ್.
ನಮ್ಮತ್ತೆ ಜಾಂಗ್ ಕುಲ.
ತಿಥಿಯ ದಿನ ಗಂಡ ಕುಂಚ ಹಿಡಿದು
ಕಾಗದದ ಮೇಲೆ ಬರೆಯುವುದೂ ಅಷ್ಟನ್ನೇ,
ಮೂರು ಬಟ್ಟಲು ಎರೆದ ಮೇಲೆ ಸುಡುವುದೂ ಅಷ್ಟನ್ನೇ.

ಅವರಿಗೆ ನಾನು 'ಮಗೂ' ಆಗಿದ್ದೆ,
ಮೊಮ್ಮಗ ಸೈನ್ಯಕ್ಕೆ ಹೋದ ಮೇಲೂ.
ನನಗೆ ಅವರು 'ಅಮ್ಮ', ಮೂವತ್ತು ವರ್ಷ.
ಡೇಗು ಆಸ್ಪತ್ರೆಯಲ್ಲಿ, ಮಣಿಕಟ್ಟಿನ ಪ್ಲಾಸ್ಟಿಕ್ ಪಟ್ಟಿಯಲ್ಲಿ
ಮೊದಲ ಸಲ ಓದಿದೆ: ಜಾಂಗ್ ಬೊಕ್ಸಿಲ್.
ಜೂಲು ತುಪ್ಪಳದ ನಾಯಿಮರಿಗೆ ಇಡುವ ಹೆಸರು!
ನಗು ತಡೆಯಲಾಗಲಿಲ್ಲ. ಮೂಗಿನ ನಳಿಕೆಯೊಳಗಿಂದ
ಅವರೂ ನಕ್ಕರು. ನಾನು ಹುಟ್ಟುವ ಮುಂಚೆಯೇ
ಅಪ್ಪನ ನಾಯಿಗಿತ್ತು ಕಣೇ, ಎಂದರು.
ಮಾರನೆಯ ವಾರ ಪಟ್ಟಿ ಕತ್ತರಿಸಿ ನನ್ನ ಕೈಗಿಟ್ಟರು ನರ್ಸ್.

ಅಡಿಟಿಪ್ಪಣಿ ಹದಿನಾಲ್ಕು: ಜಾಂಗ್ ಬೊಕ್ಸಿಲ್, ಬಾಯ್ಮಾತು,
ಕಿಟಕಿ ಪಕ್ಕದ ಆರನೆಯ ಮಂಚ.
ಪ್ರೊಫೆಸರರ ಕೆಂಪು ಪೆನ್ಸಿಲ್ ಅಂಚಿನಲ್ಲಿ ಬರೆದಿತ್ತು:
ಇದನ್ನು ಪರಿಶೀಲಿಸಲು ಬರುವುದಿಲ್ಲ.
ಕೆಳಗೆ, ಬೇರೆ ದಿನ ಬರೆದಂತೆ ಕಂಡಿತು: ಇರಲಿ.

ಈ ನವೆಂಬರಿನ ತಿಥಿಗೆ ಗಂಡ ಮಸಿ ತೇಯುತ್ತಿದ್ದರು.
ಒಂಬತ್ತನೆಯ ಪುಟ ಮಸಿಗಲ್ಲಿನ ಪಕ್ಕ ಇಟ್ಟು ಬಂದೆ.
ತುಂಬ ಹೊತ್ತು ಸದ್ದಿಲ್ಲ.
ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ಕುಂಚ ಕೈಯಲ್ಲೇ,
ಬೊಕ್ ಅಂದರೆ ಯಾವ ಅಕ್ಷರ ಬರೆಯಬೇಕು? ಎಂದರು.
ಅವರ ಅಮ್ಮ.
ನನಗೇನು ಗೊತ್ತು, ಎಂದೆ.
ಹಿಂದೆ ಸಾರು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುತ್ತಿತ್ತು.