ತೂಕ

ಬಾ ಬೆರ್ಜಾನ್, ಮೊದಲು ಕೈಗವಸು ಹಾಕಿಕೊ.
ತತ್ವಾನಿನಲ್ಲಿ ಹಳಿ ಮುಗಿಯುತ್ತದೆ ಅನ್ನುತ್ತಾರೆ
ನಕ್ಷೆ ನೋಡಿದವರು.
ಮುಗಿಯುವುದಿಲ್ಲ.
ನೀರಿನ ತನಕ ಬಂದು ಸ್ವಲ್ಪ ಹೊತ್ತು ಕಾಯುತ್ತದೆ.
ಕಟ್ಟೆಯ ಹಳಿಗೂ ಹಡಗಿನ ಹಳಿಗೂ ನಡುವೆ
ಎರಡು ಬೆರಳು ಸಂದು.
ಅಚ್ಚಿಗೊಂದು ಠಕ್, ಲೆಕ್ಕ ಇಡು.
ಒಂದೇ ಅಚ್ಚಿಗೆ ಎರಡು ಕೇಳಿಸಿದರೆ
ಕೈ ಎತ್ತು, ಕೂಗು, ನಾಚಿಕೆ ಬೇಡ.

ಒಂದು ಬೋಗಿ ಎಡಕ್ಕೆ, ಆಮೇಲೆ ಒಂದು ಬಲಕ್ಕೆ.
ಕಾಗದದಲ್ಲಿ ಬರೆದ ತೂಕ ನಂಬಬೇಡ,
ಬಗ್ಗಿ ಗಾಲಿಯ ಸ್ಪ್ರಿಂಗು ನೋಡು,
ಅದಕ್ಕೆ ಸುಳ್ಳು ಹೇಳಲು ಬಾರದು.

ನಾನು ಬಂದಾಗ ನನಗೆ ಮೀಸೆ ಇರಲಿಲ್ಲ,
ಹಡಗಿನ ಬಣ್ಣ ಒಣಗಿರಲಿಲ್ಲ.
ವೇದಿಕೆ ಮೇಲಿನವರು ಹೇಳಿದರು: ಇದು ತಾತ್ಕಾಲಿಕ,
ಬೆಟ್ಟ ಕೊರೆದು ದಡದ ಗುಂಟ ಹಳಿ ಹಾಸುತ್ತೇವೆ.
ಆ ತಾತ್ಕಾಲಿಕದಲ್ಲೇ ನನ್ನ ಮದುವೆಯಾಯಿತು,
ಮೂವರು ಹೆಣ್ಣುಮಕ್ಕಳು ಹುಟ್ಟಿ ಗಂಡನ ಮನೆಗೆ ಹೋದರು.
ಬೆಟ್ಟಗಳು ಇನ್ನೂ ಇಡಿಯಾಗಿಯೇ ಇವೆ.

ಇದನ್ನು ನಾವು ಕಡಲು ಅನ್ನುತ್ತೇವೆ, ಸರೋವರ ಅನ್ನಬೇಡ.
ಸೋಡಾದ ನೀರು: ಬಟ್ಟೆಗೆ ಸಾಬೂನು ಬೇಡ,
ಕುಡಿಯಲು ಒಂದು ಗುಟುಕೂ ಆಗದು.
ಸುಫಾನ್ ಬೆಟ್ಟ ಮೋಡದ ಟೋಪಿ ಹಾಕಿತೋ
ಸರಪಳಿಯ ತಿರುಪು ಇನ್ನೊಂದು ಸುತ್ತು ಬಿಗಿ ಮಾಡು.

ಒಂದು ಮಾರ್ಚಿಯಲ್ಲಿ, ದಡ ಎರಡು ಗಂಟೆ ದೂರ ಇರುವಾಗ,
ಬಲಗಡೆಯ ಮೂರನೆಯ ಬೋಗಿ ಬಿಚ್ಚಿಕೊಂಡಿತು.
ಹಾಳೆಯಲ್ಲಿ ಒಣದ್ರಾಕ್ಷಿ.
ಒಳಗೆ ಏನೋ ಕಬ್ಬಿಣದಂಥದು, ನಾವು ಕೇಳಲಿಲ್ಲ.
ಅರ್ಧ ಗೇಣು ಮುಂದೆ, ಅರ್ಧ ಗೇಣು ಹಿಂದೆ,
ಕೂಸು ಮಲಗಿಸುವವರ ಹಾಗೆ.
ಹಡಗು ವಾಲಿತು, ಅಡುಗೆಮನೆಯಲ್ಲಿ ತಟ್ಟೆಗಳೆಲ್ಲ ಒಂದೇ ಗೋಡೆಗೆ.
ಜೆಮ್ಶಿತ್ ಮರದ ಬೆಣೆ ಹಿಡಿದು ಕೆಳಗೆ ನುಗ್ಗಿದ.
ಬೆಣೆ ಕೂತಿತು.
ಅವನ ಎಡಗೈಯ ಮೂರು ಬೆರಳು ಅಲ್ಲೇ ಉಳಿದವು.
ವಾನ್ ಕಟ್ಟೆಯ ಗುಮಾಸ್ತ ಪುಸ್ತಕದಲ್ಲಿ ಬರೆದ:
ಸರಕು ಕ್ಷೇಮ, ತೂಕದಲ್ಲಿ ಕೊರತೆ ಇಲ್ಲ.

ಗೇಟಿನ ಹತ್ತಿರ ಚಹಾ ಮಾರುತ್ತಾನಲ್ಲ, ಅವನೇ.
ಸುಡುವ ಲೋಟ ಎರಡೇ ಬೆರಳಲ್ಲಿ ಹಿಡಿಯುತ್ತಾನೆ,
ಒಂದು ಹನಿ ಚೆಲ್ಲುವುದಿಲ್ಲ.
ನನ್ನಿಂದ ಮಾತ್ರ ಇವತ್ತಿಗೂ ದುಡ್ಡು ತಗೊಳ್ಳುತ್ತಾನೆ.
ಆ ತಿರುಪು ಬಿಗಿ ಮಾಡಬೇಕಾದವನು ನಾನು.

ಹೊಸ ಹಡಗು ಬಂತಂತೆ, ಐವತ್ತು ಬೋಗಿ ಒಂದೇ ಸಲ,
ವಾಲಿದರೆ ತಾನೇ ನೀರು ತುಂಬಿ ಸರಿದೂಗಿಸುವ ಪಂಪು.
ಇರಲಿ.
ನಾನು ಸಂಜೆ ರೊಟ್ಟಿ ಕೊಂಡರೆ ಈಗಲೂ
ಕಂಕುಳಿಗೊಂದು, ಕಂಕುಳಿಗೊಂದು.
ಮೂರನೆಯದನ್ನು ದಾರಿಯಲ್ಲೇ ತಿಂದುಬಿಡುತ್ತೇನೆ,
ಹೆಂಡತಿ ಬೈಯುತ್ತಾಳೆ.

ಶ್. ಕೇಳಿಸಿತೆ?
ಠಕ್.
ಇದು ಎಡಕ್ಕೆ.
ನೀನು ಬಗ್ಗಿ ನೋಡು, ನನ್ನ ಮುಖ ನೋಡಬೇಡ.