೧೧೪೭ನೇ ನಂಬರು

ಇಪ್ಪತ್ತಾರು ವರ್ಷ ಈ ಬೀದಿಗೆ ಟಪಾಲು ಹಂಚಿದವನು ನಾನು.
ಯಾವ ಮೆಟ್ಟಿಲು ಅಲುಗುತ್ತದೆ, ಯಾವ ನಾಯಿ ಬರೀ ಬೊಗಳುತ್ತದೆ,
ಬ್ಯಾಂಕಿನ ಕಾಗದ ಯಾರ ಮನೆಗೆ ಮೊದಲು ಬಂತು,
ಎಲ್ಲ ಕಾಲಿಗೆ ಗೊತ್ತಿತ್ತು.

ಉಕ್ಕಿನ ಗಿರಣಿ ಮುಚ್ಚಿದ ಮೇಲೆ
ಒಂದೊಂದೇ ಮನೆ ನನ್ನ ಚೀಲದಿಂದ ಇಳಿಯಿತು:
೧೧೪೩, ೧೧೪೭, ಮೂಲೆಯ ಕ್ಷೌರದಂಗಡಿ.
ಯಾರಿಗೂ ಹೇಳಲಿಲ್ಲ,
ಚೀಲ ಹಗುರಾದದ್ದೇ ಭುಜಕ್ಕೆ ನೋವು.

ಈಗ ಶನಿವಾರ, ಯಂಗ್ಸ್‌ಟೌನ್, ಏಪ್ರಿಲ್ಲಿನ ಹಸಿ ಚಳಿ.
ಹುಲ್ಲು ನುಂಗಿದ್ದ ಜಾಗದಲ್ಲಿ ಹಲಗೆಯ ಚೌಕಟ್ಟು ಎದ್ದಿದೆ.
ಮೇಸ್ತ್ರಿ ಹೀಮೆನಾ, ಇಪ್ಪತ್ತನಾಲ್ಕರ ಹುಡುಗಿ,
ನನ್ನ ಸುತ್ತಿಗೆ ನೋಡಿ ನಗುತ್ತಾಳೆ:
“ಅಜ್ಜಾ, ಲಕೋಟೆಗೆ ಮುದ್ರೆ ಒತ್ತೋದಲ್ಲ ಇದು.”

ಮನೆ ಓಝೆಲ್ಲಾ ಪ್ರೂಯಿಟ್‌ಳದಾಗಲಿದೆ.
ರಾತ್ರಿಪಾಳಿಯಲ್ಲಿ ಆಸ್ಪತ್ರೆಯ ಬಟ್ಟೆ ಒಗೆದು ನೇರ ಬಂದಿದ್ದಾಳೆ.
ಕಂತಿಗೆ ಮೊದಲು ಮುನ್ನೂರು ಗಂಟೆ ಬೆವರು ಕೊಡಬೇಕು;
ಇನ್ನೂರ ಹನ್ನೆರಡು ಆಯಿತು, ಕಂಬದ ಮೇಲೆ ಪೆನ್ಸಿಲಿನ ಗೀಟು.
ಕೇಳಿದಳು: “ಇಲ್ಲಿ ಮುಂಚೆ ಯಾರಿದ್ದರು?”

ಹೇಳಬಹುದಿತ್ತು. ಕೊವಾಲ್ಚಿಕ್ ಮುದುಕಿ, ಅವಳ ಪಿಂಚಣಿ ಚೆಕ್ಕು,
ಕೊನೆಗೆ ಆ ರಿಜಿಸ್ಟರ್ಡ್ ಲಕೋಟೆ.
ಸಹಿ ಹಾಕಿಸಿಕೊಂಡವನು ನಾನೇ,
ಪೆನ್ನೂ ನನ್ನದೇ.
“ಒಬ್ಬಾಕೆ,” ಅಂದೆ. “ಮೆಟ್ಟಿಲ ಮೇಲೆ ಕೂತು ಟಪಾಲು ಕಾಯುತ್ತಿದ್ದಳು.”

ಮೊಳೆ ಡೊಂಕಾಯಿತು.
ಕೀಳಹೋದರೆ ಓಝೆಲ್ಲಾ ಕೈ ತಡೆದಳು:
“ಇರಲಿ ಬಿಡಿ. ಗೋಡೆ ಮುಚ್ಚುತ್ತೆ.
ಒಳಗಿದೆ ಅಂತ ನನಗೆ ಗೊತ್ತಿದ್ದರೆ ಸಾಕು.”

ಊಟದ ಹೊತ್ತಿಗೆ, ಕದವಿಲ್ಲದ ಬಾಗಿಲಲ್ಲಿ ನಿಂತಾಗ,
ಹಳೇ ಚಾಳಿ, ಬಲಗೈ ತಡಕಾಡಿತು
ಕಾಗದ ಹಾಕುವ ಕಿಂಡಿಗೆ,
ಸೊಂಟದೆತ್ತರದ ಗಾಳಿಯಲ್ಲಿ.