ಸಿಕ್ಕ ಜಾಗ

ದಾಬೋಳಿಯಲ್ಲಿ ಬೆಳಗಿನ ಐದೂಮುಕ್ಕಾಲು.
ರನ್‌ವೇ ಮೇಲೆ ಸಾಲುಗಟ್ಟಿ ನಡೆಯುತ್ತಾರೆ ಹನ್ನೊಂದು ಜನ,
ಕಳೆ ಕೀಳುವವರ ಹಾಗೆ ಕಣ್ಣು ನೆಲಕ್ಕೆ ನೆಟ್ಟು.
ಬೆಳೆಯಿಲ್ಲ ಇಲ್ಲಿ, ಬರೀ ಕಳೆ:
ಹರಳು, ತಂತಿಚೂರು, ಹದ್ದು ಬೀಳಿಸಿದ ಮೀನೆಲುಬು,
ಯಾರದೋ ಬೂಟಿನಿಂದ ಉದುರಿದ ಮೊಳೆ.

ಎಂಜಿನ್ನಿಗೆ ಬೇಕಾದ್ದು ಗಾಳಿ.
ಆದರೆ ಗಾಳಿಯ ಜೊತೆ ಬಂದದ್ದನ್ನೂ ಬೇಡ ಅನ್ನಲು ಬರುವುದಿಲ್ಲ ಅದಕ್ಕೆ.
ಜೋಳದ ಕಾಳಿನಷ್ಟು ಕಲ್ಲು ಸಾಕು,
ಒಂದು ಅಲಗು ಮುಕ್ಕಾಗಿ, ಆ ಮುಕ್ಕು ಹಿಂದಿನ ಸಾಲಿಗೆ ಬಡಿದು,
ಅದು ಅದರ ಹಿಂದಿನದಕ್ಕೆ.
ಕರುಳೊಳಗೆ ನಳಿಗೆಯ ಕಣ್ಣು ಇಳಿಸಿ
ಒಂದೊಂದೇ ಅಲಗು ನೋಡುವುದು ನನ್ನ ಕೆಲಸ,
ಹತ್ತೊಂಬತ್ತು ವರ್ಷ.
ಮೀನಿನ ಕಿವಿರನ್ನೂ ಹಾಗೇ ನೋಡುತ್ತೀರಿ, ಅನ್ನುತ್ತಾಳೆ ಹೆಂಡತಿ.

ಫಕೀರವ್ವ ಹುನಗುಂದದ ಕಡೆಯವಳು, ಈಗ ಬೈನಾದವಳು.
ಚಾದ ಹೊತ್ತಿನಲ್ಲಿ ಒಮ್ಮೆ ಕೇಳಿದಳು:
"ಅಷ್ಟ ಬೆಂಕ್ಯಾಗ ಆ ಕಬ್ಬಣ ಕರಗಂಗಿಲ್ಲೇನ್ರಿ?"
ಕಬ್ಬಿಣ ಅಲ್ಲ, ಎಂದೆ. ಕಾವು ಮಾತ್ರ
ಕರಗಿಸುವುದಕ್ಕಿಂತ ಹೆಚ್ಚೇ.
ಅದಕ್ಕೇ ಅಲಗನ್ನು ಕಲ್ಲುಸಕ್ಕರೆಯ ಹಾಗೆ
ಒಂದೇ ಹರಳಾಗಿ ಬೆಳೆಸುತ್ತಾರೆ, ಎಲ್ಲೂ ಬಿರುಕಿಗೆ ದಾರಿಯಿಲ್ಲದಂತೆ.
ಮೈತುಂಬ ಸೂಜಿತೂತು, ಒಳಗಿಂದ ತಂಗಾಳಿ
(ತಂಗಾಳಿ ಅಂದರೆ, ಅದೂ ಬಜ್ಜಿ ಕರಿಯುವ ಎಣ್ಣೆಗಿಂತ ಬಿಸಿ)
ಹೊರಬಂದು ಪರದೆಯಾಗಿ ಸುತ್ತಿಕೊಳ್ಳುತ್ತದೆ.
ಬಸಿ ಊದುತ್ತ ಅವಳೆಂದಳು:
"ಒಲೀ ಮುಂದ ಕುಂತಾಕಿ ಸೆರಗ ಹೊದ್ದಂಗ."
ನಾನದನ್ನು ಕೋರ್ಸಿನಲ್ಲಿ ಎರಡು ವಾರ ಕಲಿತೆ.

ಮೊದಮೊದಲ ಎಂಜಿನ್ನುಗಳು, ಆ ಯುದ್ಧಕಾಲದವು,
ಇಪ್ಪತ್ತೈದು ತಾಸು ಉರಿದರೆ ಹೆಚ್ಚು.
ಸದ್ದಿಗೊಂದು ಗೋಡೆ ಇದೆ ಎನ್ನುತ್ತಿದ್ದರು ಆಗ.
ಗೋಡೆ ಇರಲಿಲ್ಲ.
ಬಡಿದುಕೊಂಡು ಸತ್ತವರು ಇದ್ದರು.

ಆ ಶುಕ್ರವಾರ ಸಾಲಿನ ನಡುವೆ ಫಕೀರವ್ವ ನಿಂತಳು, ಕೈ ಎತ್ತಿದಳು.
"ಬಳಿ ಹೆಚ್ಚೇತ್ರಿ ಸಾಹೇಬ್ರ."
ರೋಹತಕದ ಸಾಹೇಬರಿಗೆ ಏನು ತಿಳಿಯಬೇಕು?
ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು;
ನಾನು ಹಿಂದಿಯಲ್ಲಿ ಒಡೆದೇ ಹೇಳಿದೆ.
ಹಿಂದಿನ ದಿನ ಮಗಳ ಕುಬಸ, ಕೈತುಂಬ ಹಸಿರು ಬಳೆ.
ಬಳೆ ತೊಟ್ಟು ಇಲ್ಲಿ ಕಾಲಿಡುವಂತಿಲ್ಲ. ರಾತ್ರಿಯೇ ಬಿಚ್ಚಿದ್ದಾಳೆ,
ಒಂದು ಮಾತ್ರ ಬಾತ ಗೆಣ್ಣು ದಾಟಲಿಲ್ಲ.
ಬಸುರಿ ಮನೆಯಲ್ಲಿ ಬಡಿದು ತೆಗೆಯುವುದು ಹೇಗೆ?
ಮೇಲೆ ಬಟ್ಟೆ ಸುತ್ತಿ ಬಂದಿದ್ದಳು.

ಕರವಸ್ತ್ರದ ಮೇಲೆ ಚೂರುಗಳನ್ನು ಜೋಡಿಸಿದೆವು.
ವೃತ್ತ ಕೂಡಲಿಲ್ಲ:
ಒಂದು ಅಕ್ಕಿಕಾಳಿನಷ್ಟು ಬಾಯಿ ಬಿಟ್ಟುಕೊಂಡಿತ್ತು.

ರನ್‌ವೇ ಬಂದ್.
ಮುಚ್ಚಳ ತೆರೆದುಕೊಂಡು ಎರಡು ವಿಮಾನ ಬಿಸಿಲಿಗೆ ಕೂತವು.
ಹೈದರಾಬಾದಿನದು ಮುರಗಾವಿನ ಮೇಲೆ ಸುತ್ತು ಹೊಡೆಯಿತು, ಮತ್ತೊಂದು ಸುತ್ತು.
ಮೊಣಕಾಲೂರಿ ತೆವಳಿದೆವು ನಲವತ್ತು ನಿಮಿಷ.
"ಸುಮ್ಮನಿದ್ದಿದ್ದರೆ ಯಾರಪ್ಪನಿಗೆ ಗೊತ್ತಾಗುತ್ತಿತ್ತು!"
ಗುತ್ತಿಗೆದಾರ ಶಿರೋಡಕರ್ ಹಲ್ಲು ಕಡಿದ.
ಅವಳು ತಲೆಯೆತ್ತಲಿಲ್ಲ, ಹುಡುಕುತ್ತಲೇ ಇದ್ದಳು,
ಡಾಂಬರಿನ ಮೇಲೆ ಒಂದು ಕೆಂಪು ಚುಕ್ಕೆ, ಮುಂದೆ ಇನ್ನೊಂದು.
ಅದು ಎಲ್ಲಿಂದ ಬಂತೆಂದು ನೋಡಿದವನು ನಾನು.

ಹೆಬ್ಬೆರಳ ಬುಡದಲ್ಲಿ, ತೊಗಲೊಳಗೆ.
ಅಲಗಿನ ಚೂರು ಹೆಕ್ಕುವ ಚಿಮಟದಲ್ಲೇ ತೆಗೆದೆ.
ಅವಳು ಅಯ್ಯೋ ಅನ್ನಲಿಲ್ಲ. "ಕೂಡತೇನು ನೋಡ್ರಿ ಮೊದ್ಲ," ಅಂದಳು.
ಕೂಡಿತು.

ಆಮೇಲೆ ವಿಮಾನಗಳು ಹೋದವು.
ತುಸು ಹೊತ್ತಿಗೆ ಕಡಲಾಚೆಯಿಂದ ಒಂದೇ ಒಂದು ಹೊಡೆತ,
ಬೈನಾದ ತಗಡಿನ ಮಾಡುಗಳು ನಡುಗಿ ಸುಮ್ಮನಾದವು.
"ಅದು ತನ್ನ ಸದ್ದ ಹಿಂದ ಬಿಟ್ಟ ಓಡತೈತಂತ.
ಒಳಗ ಕುಂತಾಂವಗ ಮತ್ತ ಏನ್ ಕೇಳತೈತ್ರಿ?"
ಅವನ ಉಸಿರು, ಎಂದೆ. ಮುಖವಾಡದೊಳಗಿಂದು.
"ನಾವು ನೆಲ ನೋಡ್ಕೋತ ಹೋಗುವಾಗೂ ಅದ ಕೇಳತೈತಿ,"
ಎಂದು ಪಟ್ಟಿ ಕಟ್ಟಿದ ಕೈಯಿಂದಲೇ ಪೊರಕೆ ಎತ್ತಿಕೊಂಡಳು.

ರಿಜಿಸ್ಟರಿನಲ್ಲಿ ಬರೆದಿದ್ದೇನೆ:
ವಸ್ತು, ಗಾಜು. ಬಣ್ಣ, ಹಸಿರು. ಉದ್ದ, ಆರು ಮಿಲಿಮೀಟರು.
ಸಿಕ್ಕ ಜಾಗ ಎಂಬ ಕಾಲಮ್ಮು ಇನ್ನೂ ಖಾಲಿಯಿದೆ.
ಆಡಿಟ್ಟಿನವರು ಎರಡು ಸಲ ಕೇಳಿದ್ದಾರೆ.